‘ಆತಂಕ’ – ಒಂದು ಶಬ್ದದ ಚರಿತ್ರೆ

ಮನೆಯಲ್ಲಿರುವ ಪಾತ್ರೆಪದಾರ್ಥಗಳ ಹೆಸರುಗಳನ್ನು ನಾವು ಸ್ಪಷ್ಟವಾಗಿ ಬಲ್ಲೆವು. ಮನಸ್ಸಿನೊಳಗೆ ಇರತಕ್ಕವುಗಳ ಹೆಸರುಗಳನ್ನು ಮಾತ್ರ ಅಷ್ಟು ಸ್ಪಷ್ಟವಾಗಿ ಅರಿಯೆವು. ಚೆಂಬೆಂದರೆ ಚೆಂಬು, ಒರಳೆಂದರೆ ಒರಳು. ಅವುಗಳ ವಿಷಯದಲ್ಲಿ ಇಬ್ಬರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಒಬ್ಬನು “ಮನಸ್ಸಿಗೆ ಏನೋ ಆಗುತ್ತಿದೆ” ಎಂದು ಹೇಳಿದಾಗ ಅದು ಚಿಂತೆಯೋ, ಕಳವಳವೋ, ಭಯವೋ, ದುಃಖವೋ ಎಂಬುದನ್ನು ಹೇಳಿದವನೂ ನಿರ್ಣಯಿಸಲಾರನು, ಕೇಳಿದವನೂ ನಿರ್ಣಯಿಸಲಾರನು. ಇಂತಹ ಅವಸ್ಥೆಯೊಂದಕ್ಕೆ ಕನ್ನಡದಲ್ಲಿ ಈಗ ರೂಢವಾಗಿ ನಿಂತಿರುವ ಮಾತು ‘ಆತಂಕ’ ಎಂಬುದು. ವರ್ತಮಾನಪತ್ರಿಕೆಗಳಲ್ಲಿಯೂ ವೈದ್ಯರ ಬರೆಹಗಳಲ್ಲಿಯೂ ಇದು ದಿನವೂ ನಮ್ಮ ಕಣ್ಣಿಗೆ ಬೀಳುತ್ತದೆ. ಇದು ಎಲ್ಲಿಂದ ಬಂದಿತು, ಬರುವ ದಾರಿಯಲ್ಲಿ ಯಾವ ಯಾವ ಅರ್ಥಗಳನ್ನು ಹೊತ್ತಿತು, ಈಗ ಹೊತ್ತಿರುವ ಅರ್ಥವು ಅದಕ್ಕೆ ತಕ್ಕುದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇದು ಬರಿಯ ಪಂಡಿತರ ವಿನೋದವಲ್ಲ. ನೋವಿಗೆ ಸರಿಯಾದ ಹೆಸರು ದೊರೆಯದಿದ್ದರೆ ಮದ್ದೂ ದೊರೆಯದೆಂಬುದು ವಾಚಕರಿಗೆ ಮುಂದೆ ತಾನೇ ತಿಳಿದುಬರುವುದು.

‘ಆತಂಕ’ವು ಸಂಸ್ಕೃತದಿಂದ ಬಂದ ತತ್ಸಮ ಶಬ್ದ. ಇದನ್ನು ವೈಯಾಕರಣರು ‘ಆ’ ಎಂಬ ಉಪಸರ್ಗವನ್ನೂ ‘ತಂಕ್’ ಎಂಬ ಧಾತುವನ್ನೂ ಸೇರಿಸಿ ಸಾಧಿಸುತ್ತಾರೆ. ಪಾಣಿನೀಯ ಧಾತುಪಾಠದಲ್ಲಿ ಈ ಧಾತುವನ್ನು ‘ತಕಿ’ ಎಂದು ಓದಿದೆ. ಕೊನೆಯ ಇಕಾರವು ಲೋಪವಾಗಿ ನಡುವೆ ಅನುನಾಸಿಕವು ಬರುವುದರಿಂದ ‘ತಂಕ್’ ಎಂಬ ರೂಪವಾಗುತ್ತದೆ. ಅದಕ್ಕೆ ಅಲ್ಲಿ ಹೇಳಿರುವ ಅರ್ಥವು ಬಹಳ ಗಮನಾರ್ಹವಾದುದು: ಕೃಚ್ಛ್ರಜೀವನ, ಎಂದರೆ ಕಷ್ಟದಿಂದ ಬಾಳುವುದು. ಸಾಯುವುದಲ್ಲ, ಅಳುವುದಲ್ಲ, ಹೆದರುವುದೂ ಅಲ್ಲ. ಬದುಕು ನಡೆಯುತ್ತಲೇ ಇದೆ, ಆದರೆ ಪ್ರಯಾಸದಿಂದ ನಡೆಯುತ್ತಿದೆ. ಗಾಡಿಯ ಗಾಲಿ ಮುರಿದಿಲ್ಲ, ಅಚ್ಚಿನಲ್ಲಿ ಎಣ್ಣೆ ಆರಿದೆ. ಎತ್ತುಗಳು ಎಳೆಯುತ್ತಿವೆ, ಒಂದೊಂದು ಹೆಜ್ಜೆಗೂ ಗಾಲಿ ಕಿರುಗುಟ್ಟುತ್ತಿದೆ. ಈ ಅವಸ್ಥೆಯೇ ಶಬ್ದದ ಬೀಜಾರ್ಥವೆಂದು ನಾವು ಗ್ರಹಿಸಬಹುದು.

ಈ ಬೀಜವು ಮೊದಲು ಚೆನ್ನಾಗಿ ಬೇರುಬಿಟ್ಟುದು ವೈದ್ಯಶಾಸ್ತ್ರದಲ್ಲಿ. ಚರಕಸಂಹಿತೆಯ ನಿದಾನಸ್ಥಾನದ ಆರಂಭದಲ್ಲಿಯೇ ರೋಗವೆಂಬುದಕ್ಕೆ ಇರುವ ಪರ್ಯಾಯಪದಗಳ ಪಟ್ಟಿಯೊಂದುಂಟು. ವ್ಯಾಧಿ, ಆಮಯ, ಗದ ಮೊದಲಾದ ಶಬ್ದಗಳ ಸಾಲಿನಲ್ಲಿ ಆತಂಕವೂ ಸೇರಿದೆ. ಇವೆಲ್ಲವೂ ಒಂದೇ ಅರ್ಥದವೆಂದು ಸಂಹಿತೆಯು ಹೇಳುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಬಂಗಾಳದಲ್ಲಿದ್ದ ವ್ಯಾಖ್ಯಾನಕಾರ ಚಕ್ರಪಾಣಿದತ್ತನು ಒಂದೊಂದು ಪದಕ್ಕೂ ಕಾರಣವನ್ನು ಹೇಳುವಾಗ, ದುಃಖದೊಡನೆ ಕೂಡಿ ಬಾಳನ್ನು ಕಷ್ಟವಾಗಿಸುವುದರಿಂದಲೇ ರೋಗಕ್ಕೆ ಆತಂಕವೆಂಬ ಹೆಸರೆಂದು ಧಾತ್ವರ್ಥವನ್ನೇ ಎತ್ತಿ ತೋರಿಸಿದ್ದಾನೆ. ರೋಗನಿರ್ಣಯಕ್ಕೆ ಪ್ರಮಾಣಗ್ರಂಥವಾದ ಮಾಧವನಿದಾನಕ್ಕೆ ವಾಚಸ್ಪತಿಯು ಬರೆದ ವ್ಯಾಖ್ಯಾನದ ಹೆಸರು ‘ಆತಂಕದರ್ಪಣ’. ಇಂದಿನ ಕನ್ನಡಿಗನು ಆ ಹೆಸರನ್ನು ಕೇಳಿದರೆ ಕಳವಳಗೊಂಡ ಮನಸ್ಸಿಗೆ ಹಿಡಿದ ಕನ್ನಡಿಯೆಂದು ತಿಳಿದಾನು; ಆ ಗ್ರಂಥವಾದರೋ ಜ್ವರ, ಅತಿಸಾರ, ಕಾಸ, ಶ್ವಾಸ ಮೊದಲಾದ ಸಕಲ ರೋಗಗಳಿಗೂ ಹಿಡಿದ ಕನ್ನಡಿ.

ಆದರೆ ಅಷ್ಟರಿಂದಲೇ ಈ ಶಬ್ದವು ದೇಹಕ್ಕೆ ಮಾತ್ರ ಸೇರಿದುದೆಂದು ಹೇಳುವಂತಿಲ್ಲ. ನಮ್ಮ ಹಿರಿಯರು ಬಾಲ್ಯದಲ್ಲಿಯೇ ಕಂಠಪಾಠಮಾಡುತ್ತಿದ್ದ ಅಮರಕೋಶದ ನಾನಾರ್ಥವರ್ಗದಲ್ಲಿ ಆತಂಕಕ್ಕೆ ಮೂರು ಅರ್ಥಗಳು ಕೊಟ್ಟಿವೆ: ರೋಗ, ತಾಪ, ಶಂಕೆ. ಮೊದಲನೆಯದು ದೇಹದ್ದು, ಎರಡನೆಯದು ದೇಹಕ್ಕೂ ಮನಸ್ಸಿಗೂ ಸಮಾನವಾದುದು, ಮೂರನೆಯದು ಮನಸ್ಸಿನದು. ಒಂದೇ ಮಾತು ಮೈಯಿಂದ ಹೊರಟು ಮನಸ್ಸಿನವರೆಗೆ ಮೂರು ಮೆಟ್ಟಿಲುಗಳನ್ನು ಏರಿದೆ. ಅನಂತರದ ಕೋಶಕಾರರು ಇನ್ನೊಂದು ಅರ್ಥವನ್ನೂ ಕೊಡುತ್ತಾರೆ: ಮುರಜವೆಂಬ ವಾದ್ಯದ ಧ್ವನಿ. ಇದು ಇಲ್ಲಿ ಹೇಗೆ ಸೇರಿತೆಂಬುದು ಬೇರೆಯ ವಿಚಾರ. ಆದರೆ ಆತಂಕಗೊಂಡವನ ಎದೆಯ ಮೇಲೆ ಕೈಯಿಟ್ಟು ನೋಡಿದವರಿಗೆ ಈ ಅರ್ಥವು ತೀರ ಅಸಂಗತವೆಂದು ತೋರಲಾರದು.

ಕಾವ್ಯದಲ್ಲಿ ಈ ಶಬ್ದವು ಲೋಕಜೀವನದ ಕಡೆಗೆ ತಿರುಗಿತು. ರಘುವಂಶದ ಮೊದಲನೆಯ ಸರ್ಗದಲ್ಲಿ ದಿಲೀಪಮಹಾರಾಜನು ವಸಿಷ್ಠರ ಆಶ್ರಮಕ್ಕೆ ಹೋಗಿ, ತನ್ನ ಪ್ರಜೆಗಳು ಪೂರ್ಣಾಯುಷ್ಯದಿಂದ, ಆತಂಕವೂ ಈತಿಬಾಧೆಗಳೂ ಇಲ್ಲದೆ ಬಾಳುತ್ತಿರುವುದಕ್ಕೆ ಗುರುವಿನ ತಪಸ್ಸೇ ಕಾರಣವೆಂದು ವಿನಯದಿಂದ ನಿವೇದಿಸುತ್ತಾನೆ. ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ ಮೊದಲಾದುವುಗಳಿಂದ ಬರುವ ಹಾನಿಯೇ ಈತಿ. ಅದರ ಪಕ್ಕದಲ್ಲಿ ನಿಂತ ‘ನಿರಾತಂಕ’ವನ್ನು ಮಲ್ಲಿನಾಥನು ಭಯವಿಲ್ಲದವರೆಂದು ವಿವರಿಸುತ್ತಾನೆ. ಹೊಲದಲ್ಲಿ ಪೈರಿಗೆ ಈತಿಯಿಲ್ಲ, ಮನೆಯಲ್ಲಿ ಜನರಿಗೆ ಆತಂಕವಿಲ್ಲ. ಒಳ್ಳೆಯ ರಾಜ್ಯಕ್ಕೆ ಇವೆರಡೂ ಲಕ್ಷಣಗಳು. ಪ್ರಜೆಗಳ ಮನಸ್ಸಿನ ನೆಮ್ಮದಿಯೂ ಅರಸನ ಹೊಣೆಯೆಂಬ ಭಾವನೆ ಇಲ್ಲಿ ಅಡಗಿರುವುದನ್ನು ಗಮನಿಸಬೇಕು.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ಮನಸ್ಸಿನ ವಿಕಾರಗಳನ್ನು ಸೂಕ್ಷ್ಮವಾಗಿ ವಿಂಗಡಿಸಿದವರಲ್ಲಿ ನಮ್ಮ ನಾಟ್ಯಶಾಸ್ತ್ರಕಾರರು ಅಗ್ರಗಣ್ಯರು. ಭರತನು ಹೇಳಿರುವ ೩೩ ವ್ಯಭಿಚಾರಿಭಾವಗಳಲ್ಲಿ ಚಿಂತೆಯುಂಟು, ಶಂಕೆಯುಂಟು, ತ್ರಾಸವುಂಟು, ಆವೇಗವುಂಟು, ವಿಷಾದವುಂಟು, ಆದರೆ ಆತಂಕವಿಲ್ಲ. ಚರಕಸಂಹಿತೆಯಾದರೋ ಆತಂಕವನ್ನು ರೋಗಗಳ ಹೆಸರಿನಲ್ಲಿ ಸೇರಿಸಿತು. ಮನಸ್ಸಿನ ವಿಕಾರಗಳನ್ನು ಎಣಿಸುವಾಗ ಶೋಕ ಭಯಗಳೊಡನೆ ಚಿತ್ತೋದ್ವೇಗವೆಂಬುದನ್ನೂ ಪ್ರತ್ಯೇಕವಾಗಿ ಹೇಳಿತು. ರಂಗದ ಮೇಲೆ ಬಂದು ಸುಳಿದುಹೋಗುವ ಭಾವಗಳು ಒಂದು ಕಡೆ, ಬಂದು ನೆಲೆಸಿ ಬಾಳನ್ನು ಕಷ್ಟವಾಗಿಸುವ ರೋಗವು ಇನ್ನೊಂದು ಕಡೆ ನಿಂತವು. ನಟನು ಅಭಿನಯಿಸಬೇಕಾದುದು ಚಿಂತೆ. ವೈದ್ಯನು ಪರಿಹರಿಸಬೇಕಾದುದು ಆತಂಕ. ಈ ಭೇದವು ನಮಗೆ ಮುಂದೆ ಬಹಳ ಪ್ರಯೋಜನಕ್ಕೆ ಬರುತ್ತದೆ.

ಸಂಸ್ಕೃತದಿಂದ ದೇಶಭಾಷೆಗಳಿಗೆ ಇಳಿದ ಮೇಲೆ ಈ ಶಬ್ದಕ್ಕೆ ಒದಗಿದ ಗತಿಗಳು ವಿಚಿತ್ರವಾಗಿವೆ. ಒಂದೇ ತಾಯಿಯ ಮಕ್ಕಳು ಬೇರೆಬೇರೆ ಊರುಗಳಲ್ಲಿ ನೆಲೆಸಿ ಬೇರೆಬೇರೆ ಕಸಬುಗಳನ್ನು ಹಿಡಿದಂತೆ ಆಗಿದೆ. ನಮ್ಮ ನೆರೆಯ ತೆಲುಗಿನಲ್ಲಿ ‘ಆಟಂಕಮು’ ಎಂದರೆ ಅಡ್ಡಿ, ವಿಘ್ನ. ತಮಿಳಿನಲ್ಲಿ ‘ಆದಂಗಂ’ ಎಂದರೆ ಕೈಗೂಡದೆ ಹೋದುದನ್ನು ಕುರಿತು ಒಳಗೇ ಉಳಿದ ಕೊರಗು. ಬಂಗಾಳಿಯಲ್ಲಿ ‘ಆತಂಕ’ವೆಂದರೆ ಗಾಬರಿಹುಟ್ಟಿಸುವ ಭೀತಿ, ಹುಚ್ಚುನಾಯಿಯ ಕಡಿತದಿಂದ ಬರುವ ರೋಗಕ್ಕೆ ಅಲ್ಲಿ ‘ಜಲಾತಂಕ’ವೆಂದು ಹೆಸರು. ಆ ರೋಗಿಯು ನೀರನ್ನು ಕಂಡರೆ ಬೆದರುತ್ತಾನಾದುದರಿಂದ, ರೋಗ ಮತ್ತು ಭಯ ಎಂಬ ಹಳೆಯ ಎರಡು ಅರ್ಥಗಳೂ ಆ ಒಂದು ಸಮಾಸದಲ್ಲಿ ಕೂಡಿಕೊಂಡಿವೆ. ಹಿಂದಿಯಲ್ಲಿ ‘ಆತಂಕ್’ ಎಂದರೆ ಇನ್ನೊಬ್ಬರು ನಮ್ಮ ಮೇಲೆ ಹೇರುವ ಭಯ. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ೧೭೯೩–೯೪ರ ರಕ್ತಪಾತದ ಕಾಲವನ್ನು ಆ ಭಾಷೆಯಲ್ಲಿ ಆತಂಕದ ರಾಜ್ಯವೆಂದು ಕರೆಯುತ್ತಾರೆ. ಬಾಂಬು ಬಂದೂಕುಗಳಿಂದ ಜನರನ್ನು ಬೆದರಿಸುವವನು ಅಲ್ಲಿ ‘ಆತಂಕವಾದಿ’. ಕನ್ನಡವು ಅವನಿಗೆ ‘ಭಯೋತ್ಪಾದಕ’ನೆಂಬ ಬೇರೆ ಹೆಸರನ್ನು ಕಲ್ಪಿಸಿಕೊಂಡು, ಆತಂಕವನ್ನು ಪೀಡಿಸುವವನ ಕಡೆಗೆ ಕೊಡದೆ ಪೀಡೆಗೊಂಡವನ ಕಡೆಗೇ ಉಳಿಸಿಕೊಂಡಿದೆ. ಈಚೆಗೆ ಕೆಲವರು ಹಿಂದಿಯ ಮಾತನ್ನೇ ಕನ್ನಡದಲ್ಲಿ ಆಡುತ್ತಿರುವುದುಂಟು. ಅದು ರೂಢಿಯಾದರೆ ಒಂದೇ ಶಬ್ದವು ಕೊಲೆಗಡುಕನ ಕಸಬಿಗೂ ರೋಗಿಯ ನೋವಿಗೂ ಹೆಸರಾಗಿ, ಕೇಳುವವನಿಗೆ ಭ್ರಾಂತಿಯಾಗುವುದು ತಪ್ಪದು.

ಕನ್ನಡದಲ್ಲಿ ಈ ಶಬ್ದವು ಬಹುಕಾಲ ತೆಲುಗಿನ ಜತೆಯಲ್ಲಿಯೇ ನಡೆಯಿತು. ಹಳೆಯ ತಲೆಮಾರಿನವರ ಬರೆವಣಿಗೆಯಲ್ಲಿ ‘ಆತಂಕ’ವೆಂದರೆ ಹೆಚ್ಚಾಗಿ ಅಡ್ಡಿಯೆಂದೇ ಅರ್ಥ. ‘ಕಾರ್ಯಕ್ಕೆ ಆತಂಕ ಬಂದಿತು’, ‘ಪ್ರಯಾಣಕ್ಕೆ ಆತಂಕವನ್ನು ಒಡ್ಡಿದರು’ ಎಂಬ ಮಾತುಗಳಲ್ಲಿ ಯಾರ ಮನಸ್ಸಿನ ವಿಷಯವೂ ಇಲ್ಲ. ಮದುವೆಯ ಮುಹೂರ್ತವು ನಿರಾತಂಕವಾಗಿ ನೆರವೇರಿತೆಂದು ಇಂದಿಗೂ ಬರೆಯುತ್ತೇವೆ. ಹೆಣ್ಣಿನ ತಂದೆಯ ಎದೆಯಲ್ಲಿ ಎಷ್ಟು ಡವಡವವಿದ್ದರೂ ಸರಿಯೆ, ವಿಘ್ನವಿಲ್ಲದೆ ನಡೆಯಿತೆಂಬುದಷ್ಟೇ ಅಲ್ಲಿ ಅಭಿಪ್ರಾಯ. ಹೀಗೆ ಮೂಲಶಬ್ದವು ಮನಸ್ಸಿನ ಕಡೆಗೆ ಸರಿದರೂ ಅದರ ನಿಷೇಧರೂಪವು ಹಳೆಯ ಅರ್ಥವನ್ನು ಬಿಡದೆ ಹಿಡಿದುಕೊಂಡಿದೆ. ಭಾಷೆಯಲ್ಲಿ ಇಂತಹ ಸಮಾಸಗಳು ಹಳೆಯ ಮನೆಯ ಅಟ್ಟಗಳಿದ್ದಂತೆ. ಕೆಳಗೆ ಬಳಕೆ ತಪ್ಪಿದ ಸಾಮಾನುಗಳು ಅಲ್ಲಿ ಭದ್ರವಾಗಿರುತ್ತವೆ.

ರೋಗವೆಲ್ಲಿ, ಅಡ್ಡಿಯೆಲ್ಲಿ, ಮನಸ್ಸಿನ ತಳಮಳವೆಲ್ಲಿ? ಇವು ಒಂದೇ ಶಬ್ದದಲ್ಲಿ ಹೇಗೆ ಕೂಡಿದವು ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವನ್ನು ಪಶ್ಚಿಮದ ಭಾಷೆಗಳ ಕಡೆಗೆ ತಿರುಗಿ ನೋಡಿದರೆ ಕಾಣಬಹುದು. ನಾವು ಆತಂಕವೆಂದು ಅನುವಾದಿಸುವ ‘ಆಂಗ್ಸೈಟಿ’ ಎಂಬ ಇಂಗ್ಲಿಷ್ ಮಾತಿನ ಮೂಲವು ಲ್ಯಾಟಿನ್ ಭಾಷೆಯ ‘ಆಂಗೆರೆ’ ಎಂಬ ಧಾತು. ಅದರ ಅರ್ಥ ಅಮುಕು, ಕತ್ತು ಹಿಸುಕು. ಜರ್ಮನರ ‘ಆಂಗ್ಸ್ಟ್’ ಎಂಬುದೂ ಇದೇ ವಂಶದ್ದು. ಇಕ್ಕಟ್ಟೆಂಬ ಅರ್ಥದ ‘ಎಂಗ್’ ಎಂಬ ಮಾತು ಅದರ ಒಡಹುಟ್ಟು. ಈ ವಂಶದ ಹಿರಿಯ ಶಾಖೆಯೊಂದು ನಮ್ಮಲ್ಲಿಯೇ ಇದೆ. ಋಗ್ವೇದದಲ್ಲಿ ಮೇಲಿಂದ ಮೇಲೆ ಬರುವ ‘ಅಂಹಸ್’ ಎಂಬ ಶಬ್ದವನ್ನು ಭಾಷಾಶಾಸ್ತ್ರಜ್ಞರು ಇದರ ಜ್ಞಾತಿಯೆಂದು ಒಪ್ಪಿದ್ದಾರೆ. ಅದರ ಮೂಲಾರ್ಥ ಇಕ್ಕಟ್ಟು; ಆಮೇಲೆ ಸಂಕಷ್ಟ, ಆಮೇಲೆ ಪಾಪ. ಅಂಹಸ್ಸಿನಿಂದ ಬಿಡಿಸಿ ವಿಶಾಲವಾದ ಎಡೆಯನ್ನು ಕೊಡಬೇಕೆಂಬುದು ಅಂದಿನ ಋಷಿಗಳ ಪ್ರಾರ್ಥನೆ. ದಾರಿ ಕಿರಿದಾಗುವುದು, ಉಸಿರು ಕಟ್ಟುವುದು, ಮನಸ್ಸು ನಲುಗುವುದು, ಈ ಮೂರನ್ನೂ ಮಾನವನು ಒಂದೇ ಅನುಭವವಾಗಿ ಕಂಡಿದ್ದಾನೆ.

ಇದಕ್ಕೆ ದೂರದ ಸಾಕ್ಷ್ಯವೇ ಬೇಕೆಂದಿಲ್ಲ. ನಮ್ಮ ‘ಸಂಕಟ’ವನ್ನೇ ನೋಡಬಹುದು. ಸಂಸ್ಕೃತದಲ್ಲಿ ಸಂಕಟವೆಂದರೆ ಕಿರಿದಾದ ದಾರಿ, ಇಕ್ಕಟ್ಟಾದ ಎಡೆ; ಕನ್ನಡದಲ್ಲಿ ಅದು ಹೊಟ್ಟೆಯ ನೋವೂ ಆಗಿದೆ, ಪ್ರಾಣಸಂಕಟವೂ ಆಗಿದೆ, ಧರ್ಮಸಂಕಟವೂ ಆಗಿದೆ. ‘ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡೆ’ ಎನ್ನುವ ಅಚ್ಚಗನ್ನಡದ ಮಾತಿನ ಹಿಂದೆಯೂ ಇದೇ ಚಿತ್ರವಿದೆ. ಆದುದರಿಂದ ಆತಂಕವು ಒಂದು ಕಡೆ ಬೇನೆಯಾಗಿ, ಒಂದು ಕಡೆ ಅಡ್ಡಿಯಾಗಿ, ಒಂದು ಕಡೆ ಅಂಜಿಕೆಯಾಗಿ ನಿಂತುದರಲ್ಲಿ ಅಸ್ವಾಭಾವಿಕವಾದುದೇನೂ ಇಲ್ಲ. ಬಾಳು ಸರಾಗವಾಗಿ ಹರಿಯದೆ ಎಲ್ಲಿಯೋ ತಡೆದು ನಿಂತಿತೆಂಬುದೇ ಮೂರಕ್ಕೂ ಸಾಮಾನ್ಯವಾದ ಅಂಶ.

ಪಶ್ಚಿಮದಲ್ಲಿ ಈ ವಿಷಯದ ವಿಚಾರವು ಹಳೆಯದು. ರೋಮಿನ ವಾಗ್ಮಿ ಸಿಸೆರೋ ಕ್ರಿ. ಪೂ. ೪೫ರಲ್ಲಿ ರಚಿಸಿದ ಟಸ್ಕ್ಯುಲಮ್ ಸಂವಾದಗಳಲ್ಲಿ ಎರಡು ಅವಸ್ಥೆಗಳನ್ನು ಬೇರ್ಪಡಿಸುತ್ತಾನೆ: ಆಗೊಮ್ಮೆ ಈಗೊಮ್ಮೆ ಬಂದುಹೋಗುವ ಸಂಕಟ ಒಂದು, ಅದಕ್ಕೆ ಸದಾ ಈಡಾಗುವಂತಹ ಪ್ರಕೃತಿ ಇನ್ನೊಂದು. ಒಮ್ಮೆ ಕಳವಳಗೊಂಡವರೆಲ್ಲರೂ ಕಳವಳದ ಸ್ವಭಾವದವರಲ್ಲ. ಆ ಸ್ವಭಾವದವರೂ ಎಲ್ಲ ಹೊತ್ತಿನಲ್ಲಿಯೂ ಕಳವಳದಲ್ಲಿ ಇರುವುದಿಲ್ಲ. ಎರಡು ಸಾವಿರ ವರ್ಷಗಳ ಮೇಲೆಯೂ ಈ ಮಾತು ಸತ್ಯವಾಗಿದೆ. ೧೮೪೪ರಲ್ಲಿ ಡೆನ್ಮಾರ್ಕಿನ ಕಿರ್ಕೆಗಾರ್ಡನು ಈ ಒಂದು ಭಾವವನ್ನೇ ವಿಷಯವಾಗಿಟ್ಟುಕೊಂಡು ಒಂದು ಗ್ರಂಥವನ್ನು ಬರೆದನು. ಭಯಕ್ಕೆ ಇಂತಹುದೆಂಬ ಗುರಿಯುಂಟು, ಈ ಭಾವಕ್ಕೆ ಅಂತಹ ಗುರಿಯಿಲ್ಲ ಎಂಬುದು ಅವನು ತೋರಿಸಿದ ಮುಖ್ಯವಾದ ಭೇದ. ೧೮೯೫ರಲ್ಲಿ ವಿಯನ್ನಾ ನಗರದ ವೈದ್ಯ ಫ್ರಾಯ್ಡನು, ನರದೌರ್ಬಲ್ಯವೆಂಬ ಹೆಸರಿನಲ್ಲಿ ಆಗ ಒಟ್ಟುಗೂಡಿಸಿದ್ದ ಬೇನೆಗಳೊಳಗಿಂದ ಆತಂಕವನ್ನು ಪ್ರತ್ಯೇಕವಾಗಿ ಎತ್ತಿ, ಅದು ತಾನೇ ಒಂದು ರೋಗವೆಂದು ವಾದಿಸಿದನು. ಅಮೆರಿಕದ ಮನೋವೈದ್ಯರ ಸಂಘವು ೧೯೮೦ರಲ್ಲಿ ಪ್ರಕಟಿಸಿದ ರೋಗವರ್ಗೀಕರಣದ ಮೂರನೆಯ ಆವೃತ್ತಿಯಲ್ಲಿ ಇದನ್ನು ಮತ್ತೆ ಎರಡಾಗಿ ಒಡೆದರು: ಸಿಡಿಲಿನಂತೆ ಎರಗಿ ಕೆಲವು ನಿಮಿಷಗಳಲ್ಲಿ ಶಿಖರಕ್ಕೇರುವ ಗಾಬರಿಯ ರೋಗ ಒಂದು, ಜಡಿಮಳೆಯಂತೆ ತಿಂಗಳುಗಟ್ಟಲೆ ಹಿಡಿದುಕೊಳ್ಳುವ ಸಾಮಾನ್ಯ ಆತಂಕದ ರೋಗ ಇನ್ನೊಂದು.

ಈ ಹೊಸ ಶಾಸ್ತ್ರವು ಕನ್ನಡನಾಡಿಗೆ ಬರುವುದಕ್ಕೆ ಬೆಂಗಳೂರು ಹೆಬ್ಬಾಗಿಲಾಯಿತು. ಅಲ್ಲಿದ್ದ ಹುಚ್ಚರ ಆಶ್ರಯಕ್ಕೆ ೧೯೨೫ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಹೊಸ ಹೆಸರನ್ನಿಟ್ಟರು. ೧೯೫೪ರಲ್ಲಿ ಅದರ ಜತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹುಟ್ಟಿತು. ೧೯೭೪ರಲ್ಲಿ ಎರಡೂ ಒಂದಾಗಿ ಈಗ ನಿಮ್ಹಾನ್ಸ್ ಎಂದು ದೇಶವಿದೇಶಗಳಲ್ಲಿ ಪ್ರಖ್ಯಾತವಾಗಿರುವ ಸಂಸ್ಥೆಯಾಯಿತು. ಹೆಸರುಗಳು ಬದಲಾದ ಈ ಕ್ರಮವೇ ಒಂದು ಚರಿತ್ರೆ. ಹುಚ್ಚೆಂಬ ಮಾತೊಂದೇ ಇದ್ದ ಕಾಲದಲ್ಲಿ, ರಾತ್ರಿ ನಿದ್ದೆ ಬಾರದೆ ಎದೆ ಹೊಡೆದುಕೊಳ್ಳುವವನಿಗೆ ಎರಡೇ ದಾರಿ: ತಾನು ಹುಚ್ಚನೆನ್ನಿಸಿಕೊಳ್ಳುವುದು, ಇಲ್ಲವೆ ಬಾಯಿಮುಚ್ಚಿಕೊಂಡಿರುವುದು. ಸಾಮಾನ್ಯವಾಗಿ ಎಲ್ಲರೂ ಎರಡನೆಯದನ್ನೇ ಹಿಡಿದರು. ಈ ಮೌನವನ್ನು ಮುರಿಯಲು ಕನ್ನಡದಲ್ಲಿ ದುಡಿದವರಲ್ಲಿ ‘ರಾಶಿ’ಯವರೆಂದು ಪ್ರಸಿದ್ಧರಾದ ಡಾಕ್ಟರ್ ಎಂ. ಶಿವರಾಂ ಅವರನ್ನು ಕೃತಜ್ಞತೆಯಿಂದ ನೆನೆಯಬೇಕು. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ಈ ವೈದ್ಯರೇ ಮನಸ್ಸಿನ ಬೇನೆಗಳನ್ನು ಕುರಿತು ‘ಮನಮಂಥನ’ವೆಂಬ ಗ್ರಂಥವನ್ನು ಬರೆದರು, ಅದಕ್ಕೆ ೧೯೭೬ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ದೊರೆಯಿತು. ಅನಂತರ ಜನಸಾಮಾನ್ಯರಿಗಾಗಿ ಬರೆದ ವೈದ್ಯರ ಕೈಯಲ್ಲಿ ‘ಆತಂಕ’ವು ‘ಆಂಗ್ಸೈಟಿ’ಗೆ ಸಮಾನಪದವಾಗಿ ನೆಲೆಗೊಂಡಿತು.

ಈ ಆಯ್ಕೆ ಯುಕ್ತವಾದುದೆ? ಕನ್ನಡದಲ್ಲಿ ಬೇರೆ ಮಾತುಗಳಿಗೆ ಬಡತನವಿರಲಿಲ್ಲ. ‘ಕಳವಳ’ವುಂಟು, ಕಲಕು, ಕಲಂಕು ಎಂಬ ದೇಶ್ಯಕ್ರಿಯೆಗಳ ಮಗ್ಗುಲಲ್ಲಿ ನಿಲ್ಲುವ ಈ ಮಾತನ್ನು ಕೇಳಿದೊಡನೆ ತಳದ ಕೆಸರೆದ್ದ ಕೊಳದ ನೀರು ನೆನಪಿಗೆ ಬರುತ್ತದೆ. ‘ದಿಗಿಲು’ಂಟು, ತಮಿಳಿನ ‘ತಿಗಿಲ್’, ತೆಲುಗಿನ ‘ದಿಗುಲು’ ಇದರ ನಂಟರು. ತಮಿಳರಿಗೆ ಅದು ನಡುಕ ಹುಟ್ಟಿಸುವ ಭಯ, ತೆಲುಗರಿಗೆ ಮಂಕುಕವಿದ ಚಿಂತೆ, ನಮಗೆ ಥಟ್ಟನೆ ಬರುವ ಹೆದರಿಕೆ. ಉತ್ತರದ ಕಡೆಯಿಂದ ಬಂದ ‘ಗಾಬರಿ’ಯುಂಟು. ಎಲ್ಲಕ್ಕಿಂತ ಹೆಚ್ಚಾಗಿ ‘ಚಿಂತೆ’ಯುಂಟು. ಚಿಂತೆಯ ಮೂಲಾರ್ಥ ಬರಿಯ ಆಲೋಚನೆ. ಆಲೋಚನೆ ಅತಿಯಾದರೆ ಸುಡುತ್ತದೆಂದು ತಿಳಿದ ಹಿರಿಯರು, ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ಭೇದವೆಂದು ಚಮತ್ಕಾರವಾಗಿ ಹೇಳುತ್ತಿದ್ದರು.

ಇಷ್ಟೆಲ್ಲ ಮಾತುಗಳಿದ್ದರೂ ಆತಂಕವೇ ಈ ರೋಗಕ್ಕೆ ತಕ್ಕ ಹೆಸರೆಂದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣವು ಕನ್ನಡದ ಕ್ರಿಯಾಪದಗಳಲ್ಲಿಯೇ ಇದೆ. ಚಿಂತೆಯನ್ನು ನಾವು ‘ಮಾಡು’ತ್ತೇವೆ, ಆತಂಕವು ನಮಗೆ ‘ಆಗು’ತ್ತದೆ. ‘ನಾನು ಚಿಂತೆಮಾಡಿದೆ’ ಎಂದರೆ ಕರ್ತೃವು ನಾನು. ‘ನನಗೆ ಆತಂಕವಾಯಿತು’ ಎಂದರೆ ನನ್ನ ಇಚ್ಛೆಯಿಲ್ಲದೆಯೇ ಅದು ನನಗೆ ಒದಗಿತು, ಜ್ವರ ಬಂದಂತೆ, ಬಾಯಾರಿಕೆಯಾದಂತೆ. ಮಾಡುವವನು ಮಾಡದೆ ಬಿಡಬಹುದು. ಆದುದರಿಂದಲೇ ‘ಚಿಂತೆ ಮಾಡಬೇಡ’ ಎಂಬ ಸಮಾಧಾನವು ನಮ್ಮ ಮನೆಗಳಲ್ಲಿ ಇಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ. ಸೋತ ವ್ಯಾಜ್ಯಕ್ಕೆ, ತಡವಾದ ಕಾಗದಕ್ಕೆ, ಮಗನ ಪರೀಕ್ಷೆಗೆ ಆ ಮಾತು ಸಾಕಾಗುತ್ತದೆ. ಒಳ್ಳೆಯ ಮಾತೂ ಹೌದು. ಆದರೆ ಕಾರಣವಿಲ್ಲದೆ ಕೈ ಬೆವರುವವನಿಗೆ, ತಿಂಗಳುಗಟ್ಟಲೆ ಊಟ ರುಚಿಸದವಳಿಗೆ, ಸಂತೆಯ ನಡುವೆ ಉಸಿರು ಸಿಕ್ಕಿಕೊಂಡು ಪ್ರಾಣವೇ ಹೋಯಿತೆಂದು ಬೆದರುವವನಿಗೆ ಅದೇ ಮಾತನ್ನು ಹೇಳಿದರೆ, ಬೇನೆಯ ಮೇಲೆ ಅಪವಾದವನ್ನೂ ಹೊರಿಸಿದಂತಾಗುತ್ತದೆ. ಮಾಡಬೇಡವೆಂದರೂ ಮಾಡುತ್ತಿದ್ದಾನೆಂದು ಮನೆಯವರಿಗೆ ಬೇಸರ. ತಾನು ಮಾಡದಿರುವುದನ್ನು ಬಿಡುವುದು ಹೇಗೆಂದು ಅವನಿಗೆ ಸಂಕಟ. ಎಷ್ಟೋ ಸಂಸಾರಗಳಲ್ಲಿ ಎರಡು ಕಡೆಯೂ ಪ್ರೀತಿಗೆ ಕೊರತೆಯಿಲ್ಲ. ಕೊರತೆಯಿರುವುದು ಸರಿಯಾದ ಒಂದು ಮಾತಿಗೆ.

ನಾಟ್ಯಶಾಸ್ತ್ರವೂ ವೈದ್ಯಶಾಸ್ತ್ರವೂ ಹಿಂದೆ ಮಾಡಿದ್ದ ಭೇದವು ಇಲ್ಲಿ ನಮ್ಮ ಕೈಹಿಡಿಯುತ್ತದೆ. ಚಿಂತೆಯು ಭಾವ, ಕಾರಣವು ತೀರಿದರೆ ತೀರುತ್ತದೆ. ಆತಂಕವು ಮಿತಿಮೀರಿ ನೆಲೆಸಿದರೆ ರೋಗ. ಅದಕ್ಕೆ ವೈದ್ಯನು ಬೇಕು. ಎದೆ ಹೊಡೆದುಕೊಳ್ಳುವುದು, ಮೈ ಬೆವರುವುದು ಮೊದಲಾದ ಚಿಹ್ನೆಗಳು ಹೃದಯದ ಬೇನೆಯಿಂದಲೂ, ಕೊರಳಿನ ಥೈರಾಯ್ಡ್ ಗ್ರಂಥಿಯ ವಿಕಾರದಿಂದಲೂ ಬರಬಹುದಾದುದರಿಂದ, ಅವುಗಳನ್ನು ಪರೀಕ್ಷಿಸಿ ನಿರ್ಣಯಿಸುವುದೂ ವೈದ್ಯನ ಕೆಲಸವೇ. ರೋಗವು ಮನಸ್ಸಿನದೆಂದು ಗೊತ್ತಾದರೆ, ಮಾತಿನ ಚಿಕಿತ್ಸೆಯಿಂದಲೂ ಔಷಧದಿಂದಲೂ ಗುಣ ಕಂಡವರು ಅನೇಕರು. ಮನಸ್ಸಿನ ಬೇನೆಯು ದೇಹದ ಬೇನೆಗಿಂತ ನಾಚಿಕೆಗೇಡಿನದೆಂಬ ಭಾವನೆಗೆ ಈ ಶಬ್ದದ ಚರಿತ್ರೆಯಲ್ಲಿ ಆಧಾರವಿಲ್ಲ. ಜ್ವರವನ್ನೂ ಶಂಕೆಯನ್ನೂ ಒಂದೇ ಹೆಸರಿನಿಂದ ಕರೆದ ಪ್ರಾಚೀನರು ಅವುಗಳಲ್ಲಿ ಒಂದನ್ನು ಹೇಳಬಹುದಾದುದೆಂದೂ ಒಂದನ್ನು ಮುಚ್ಚಿಡಬೇಕಾದುದೆಂದೂ ವಿಭಾಗಿಸಲಿಲ್ಲ.

ಒಂದು ಶಬ್ದವು ಸಾವಿರಾರು ವರ್ಷಗಳ ಕಾಲ ಜನರ ಬಾಯಲ್ಲಿ ಉಳಿದು ಬಂದರೆ ಅದರಲ್ಲಿ ಅವರ ಅನುಭವವೂ ಉಳಿದಿರುತ್ತದೆ. ಆತಂಕವೆಂಬ ಮಾತಿನಲ್ಲಿ ಉಳಿದಿರುವುದು ಇದು: ಬಾಳು ಕೆಲವರಿಗೆ ಕೆಲವು ಕಾಲ ಕಷ್ಟದಿಂದ ನಡೆಯುತ್ತದೆ, ಅದು ಅವರ ಹಟವೂ ಅಲ್ಲ, ಹೇಡಿತನವೂ ಅಲ್ಲ. ದಿಲೀಪನು ತನ್ನ ಪ್ರಜೆಗಳ ನಿರಾತಂಕತೆಯನ್ನು ರಾಜ್ಯದ ಭಾಗ್ಯವೆಂದು ಎಣಿಸಿದನು. ರಾಜ್ಯಗಳ ಮಾತು ಹಾಗಿರಲಿ; ಒಂದೊಂದು ಮನೆಯೂ ತನ್ನೊಳಗಿನವರ ವಿಷಯದಲ್ಲಿ ಆ ಎಣಿಕೆಯನ್ನು ಇಟ್ಟುಕೊಳ್ಳಬಹುದಷ್ಟೆ. ಮುಂದೆ ಯಾರಾದರೂ ನಮ್ಮೆದುರಿಗೆ ಕುಳಿತು “ನನಗೆ ಆತಂಕವಾಗುತ್ತಿದೆ” ಎಂದರೆ, ಬಿಟ್ಟುಬಿಡೆಂದು ಹೇಳುವುದಕ್ಕೆ ಮುಂಚೆ, ಎಂದಿನಿಂದ ಆಗುತ್ತಿದೆಯೆಂದು ಕೇಳುವುದು ಮೇಲು. ಜ್ವರ ಬಂದವರನ್ನು ನಾವು ಮೊದಲು ಕೇಳುವುದೂ ಅದನ್ನೇ.